ಥಿನ್ ಕ್ಲೈಂಟ್‌ಗಳಲ್ಲಿ ಹೆಡ್‌ಸೆಟ್ ಕರೆ ಗುಣಮಟ್ಟದ ಪರೀಕ್ಷೆ

ಥಿನ್ ಕ್ಲೈಂಟ್‌ಗಳಲ್ಲಿ ಹೆಡ್‌ಸೆಟ್ ಕರೆ ಗುಣಮಟ್ಟದ ಪರೀಕ್ಷೆ ಎಂದರೆ ವರ್ಚುವಲ್ ಡೆಸ್ಕ್‌ಟಾಪ್ ವ್ಯವಸ್ಥೆಯ ಮೂಲಕ ನಡೆಯುವ ದೂರವಾಣಿ ಸಂಭಾಷಣೆಯಲ್ಲಿ ಮಾತು ಒಂದು ತುದಿಯಿಂದ ಇನ್ನೊಂದು ತುದಿಗೆ ಎಷ್ಟು ಸ್ಪಷ್ಟವಾಗಿ, ಎಷ್ಟು ಬೇಗ ಮತ್ತು ಎಷ್ಟು ಅಖಂಡವಾಗಿ ತಲುಪುತ್ತದೆ ಎಂಬುದನ್ನು ಅಳೆಯುವ ಕ್ರಮವಾಗಿದೆ. ಸಹಾಯವಾಣಿ ಕೇಂದ್ರಗಳು, ಬ್ಯಾಂಕುಗಳು, ಆಸ್ಪತ್ರೆಗಳು ಹಾಗೂ ಮನೆಯಿಂದ ಕೆಲಸ ಮಾಡುವ ಸಿಬ್ಬಂದಿಯನ್ನು ಹೊಂದಿರುವ ಸಂಸ್ಥೆಗಳಲ್ಲಿ ಇಂತಹ ಪರೀಕ್ಷೆಯ ಅಗತ್ಯ ಕಂಡುಬರುತ್ತದೆ. ಸಾಮಾನ್ಯ ಕಂಪ್ಯೂಟರಿನಲ್ಲಿ ಚೆನ್ನಾಗಿ ಕೇಳಿಸುವ ಹೆಡ್‌ಸೆಟ್ ವರ್ಚುವಲ್ ಡೆಸ್ಕ್‌ಟಾಪಿನಲ್ಲಿ ಹಾಗೆಯೇ ಕೇಳಿಸಬೇಕೆಂದಿಲ್ಲ. ಆದುದರಿಂದ ಹೆಡ್‌ಸೆಟ್ಟನ್ನು ಪ್ರತ್ಯೇಕವಾಗಿ ಪರೀಕ್ಷಿಸದೆ, ಮಾತು ಸಾಗುವ ಇಡೀ ದಾರಿಯನ್ನು ಪರೀಕ್ಷಿಸುವುದು ಈ ಕ್ರಮದ ಮೂಲ ತತ್ತ್ವವಾಗಿದೆ.

ಹಿನ್ನೆಲೆ

ಥಿನ್ ಕ್ಲೈಂಟ್ ಎಂಬುದು ಸ್ವತಃ ಹೆಚ್ಚಿನ ಗಣನೆ ನಡೆಸದ ಸಣ್ಣ ಕಂಪ್ಯೂಟರ್. ಬಳಕೆದಾರರು ಕಾಣುವ ಪರದೆ, ತಂತ್ರಾಂಶಗಳು ಮತ್ತು ಕಡತಗಳು ದೂರದ ದತ್ತಾಂಶ ಕೇಂದ್ರದ ಸರ್ವರ್‌ನಲ್ಲಿ ಇರುತ್ತವೆ. ಥಿನ್ ಕ್ಲೈಂಟ್ ಕೀಲಿಮಣೆ ಮತ್ತು ಮೌಸ್‌ನ ಸಂಕೇತಗಳನ್ನು ಅಲ್ಲಿಗೆ ಕಳುಹಿಸಿ, ಅಲ್ಲಿಂದ ಬಂದ ಚಿತ್ರವನ್ನು ತೋರಿಸುತ್ತದೆ. ಸರ್ವರ್‌ನಲ್ಲಿ ನಡೆಯುವ ಈ ಕಂಪ್ಯೂಟರ್ ಅಧಿವೇಶನವನ್ನು ವರ್ಚುವಲ್ ಡೆಸ್ಕ್‌ಟಾಪ್ ಎನ್ನುತ್ತಾರೆ. ಸಿಟ್ರಿಕ್ಸ್‌ನ ಐಸಿಎ, ಮೈಕ್ರೋಸಾಫ್ಟ್‌ನ ಆರ್‌ಡಿಪಿ, ಟೆರಾಡಿಚಿಯ ಪಿಸಿಒಐಪಿ ಮತ್ತು ವಿಎಂವೇರ್ ರೂಪಿಸಿದ ಬ್ಲಾಸ್ಟ್ ಇದಕ್ಕೆ ಬಳಕೆಯಾಗುವ ಪ್ರಮುಖ ಶಿಷ್ಟಾಚಾರಗಳು.

ಈ ವ್ಯವಸ್ಥೆಗಳು ಮೊದಲು ರೂಪುಗೊಂಡದ್ದು ಅಕ್ಷರ ಮತ್ತು ಚಿತ್ರಗಳಿಗಾಗಿ. ಪರದೆಯ ಮೇಲಿನ ಅಕ್ಷರ ಅರ್ಧ ಸೆಕೆಂಡು ತಡವಾಗಿ ಮೂಡಿದರೆ ಬಳಕೆದಾರರು ಸಹಿಸಿಕೊಳ್ಳುತ್ತಾರೆ. ಮಾತಿನ ಒಂದು ಅಕ್ಷರ ಅಷ್ಟೇ ತಡವಾದರೆ ಸಂಭಾಷಣೆ ಮುರಿಯುತ್ತದೆ. ಧ್ವನಿಯು ಈ ವ್ಯವಸ್ಥೆಯಲ್ಲಿ ವಿಶೇಷ ಸಮಸ್ಯೆಯಾಗಲು ಇದೇ ಕಾರಣ.

ಕರ್ನಾಟಕದ ಸಂದರ್ಭ

ಥಿನ್ ಕ್ಲೈಂಟ್‌ಗಳ ತಯಾರಿಕೆಯಲ್ಲಿ ಬೆಂಗಳೂರಿನ ವಿಎಕ್ಸ್‌ಎಲ್ ಇನ್‌ಸ್ಟ್ರುಮೆಂಟ್ಸ್ ಹೆಸರು ಗಳಿಸಿದ ಸಂಸ್ಥೆ. ಸಿಟ್ರಿಕ್ಸ್‌ನ ಸಂಶೋಧನೆ ಮತ್ತು ಅಭಿವೃದ್ಧಿ ಕೇಂದ್ರವೂ ಬೆಂಗಳೂರಿನಲ್ಲಿದೆ. ನಗರದ ಕಾಲ್ ಸೆಂಟರ್ ಉದ್ಯಮಕ್ಕೆ 2020ರ ಮಾರ್ಚ್ ತಿಂಗಳು ದೊಡ್ಡ ತಿರುವಾಯಿತು. ಕೋವಿಡ್ ಕಾರಣದಿಂದ ಕಚೇರಿಗಳು ಮುಚ್ಚಿದಾಗ ಸಾವಿರಾರು ಸಿಬ್ಬಂದಿ ಮನೆಯಿಂದಲೇ ಕರೆಗಳನ್ನು ಸ್ವೀಕರಿಸಬೇಕಾಯಿತು. ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯು ಮನೆಯಿಂದ ಕೆಲಸ ಮಾಡುವುದಕ್ಕೆ ಇದ್ದ ನಿರ್ಬಂಧಗಳನ್ನು ಅದೇ ತಿಂಗಳು ತಾತ್ಕಾಲಿಕವಾಗಿ ಸಡಿಲಿಸಿತು. 2020ರ ನವೆಂಬರ್ 5ರಂದು ಹೊಸ ಮಾರ್ಗಸೂಚಿಯನ್ನು ಹೊರಡಿಸಿ, 2021ರ ಜೂನ್ 23ರಂದು ನಿಯಮಗಳನ್ನು ಮತ್ತಷ್ಟು ಸರಳಗೊಳಿಸಿತು. ಕಚೇರಿಯ ನಿಯಂತ್ರಿತ ಜಾಲದಲ್ಲಿದ್ದ ಹೆಡ್‌ಸೆಟ್ ಮನೆಯ ವೈಫೈ ಜಾಲಕ್ಕೆ ಬಂದಾಗ ಕರೆ ಗುಣಮಟ್ಟದ ಪರೀಕ್ಷೆಯ ಸ್ವರೂಪವೂ ಬದಲಾಯಿತು.

ಕರೆಯ ಇನ್ನೊಂದು ತುದಿಯೂ ಇಷ್ಟೇ ಮುಖ್ಯ. ಬೀದರ್ ಜಿಲ್ಲೆ ಕರ್ನಾಟಕದ ಉತ್ತರದ ಅಂಚಿನಲ್ಲಿದ್ದು, ಮಹಾರಾಷ್ಟ್ರ ಮತ್ತು ತೆಲಂಗಾಣಗಳಿಗೆ ಹೊಂದಿಕೊಂಡಿದೆ. ಔರಾದ್ ಭಾಗದ ಡಾಬಕಾದಂತಹ ಊರಿನಿಂದ ಆರೋಗ್ಯ ಸಲಹೆಗಾಗಿ 104ಕ್ಕೆ, ತುರ್ತು ನೆರವಿಗಾಗಿ 112ಕ್ಕೆ, ಬೆಳೆಯ ಬಗೆಗಿನ ಪ್ರಶ್ನೆಗಾಗಿ 2004ರ ಜನವರಿ 21ರಂದು ಆರಂಭವಾದ ಕಿಸಾನ್ ಕಾಲ್ ಸೆಂಟರ್‌ಗೆ ಕರೆ ಮಾಡುವವರು ತಮ್ಮ ಮೊಬೈಲಿನಲ್ಲಿ ಕೇಳಿಸುವ ದನಿಯನ್ನಷ್ಟೇ ಬಲ್ಲರು. ಉತ್ತರಿಸುವವರ ಮೇಜಿನ ಮೇಲೆ ಯಾವ ಯಂತ್ರವಿದೆ ಎಂಬುದು ಅವರಿಗೆ ತಿಳಿಯದು. ಯಾವುದೇ ಸಹಾಯವಾಣಿ ವರ್ಚುವಲ್ ಡೆಸ್ಕ್‌ಟಾಪಿಗೆ ಬದಲಾದಾಗ ಊರಿನ ಹೆಸರು, ಔಷಧದ ಪ್ರಮಾಣ ಅಥವಾ ದೂರವಾಣಿ ಸಂಖ್ಯೆಯ ಒಂದು ಅಂಕೆ ತಪ್ಪಾಗಿ ಕೇಳಿಸಿದರೆ ಅದರ ಪರಿಣಾಮವನ್ನು ಅನುಭವಿಸುವವರು ಕರೆ ಮಾಡಿದವರೇ.

ಮಾತು ಸಾಗುವ ದಾರಿ

ಹೆಡ್‌ಸೆಟ್ಟಿನ ಧ್ವನಿ ವರ್ಚುವಲ್ ಡೆಸ್ಕ್‌ಟಾಪ್ ವ್ಯವಸ್ಥೆಯಲ್ಲಿ ಮೂರು ರೀತಿಗಳಲ್ಲಿ ಸಾಗಬಹುದು.

1. ಧ್ವನಿ ವಾಹಿನಿ: ಥಿನ್ ಕ್ಲೈಂಟ್ ಮೈಕ್ರೊಫೋನಿನ ಧ್ವನಿಯನ್ನು ಸಂಕುಚಿಸಿ, ಪರದೆಯ ಚಿತ್ರ ಸಾಗುವ ಸಂಪರ್ಕದಲ್ಲಿಯೇ ಪ್ರತ್ಯೇಕ ವಾಹಿನಿಯ ಮೂಲಕ ಸರ್ವರ್‌ಗೆ ಕಳುಹಿಸುತ್ತದೆ. ಸರ್ವರ್‌ನಲ್ಲಿರುವ ಸಾಫ್ಟ್‌ಫೋನ್ ಅದನ್ನು ಬಿಡಿಸಿ, ಮತ್ತೊಮ್ಮೆ ಸಂಕುಚಿಸಿ ದೂರವಾಣಿ ಜಾಲಕ್ಕೆ ಕಳುಹಿಸುತ್ತದೆ.

2. ಯುಎಸ್‌ಬಿ ಮರುನಿರ್ದೇಶನ: ಹೆಡ್‌ಸೆಟ್ಟಿನ ಯುಎಸ್‌ಬಿ ಸಂಕೇತಗಳನ್ನೇ ಜಾಲದ ಮೂಲಕ ಸರ್ವರ್‌ಗೆ ಒಯ್ಯಲಾಗುತ್ತದೆ. ಕೆಲವೇ ಮೀಟರ್ ಉದ್ದದ ತಂತಿಗಾಗಿ ರೂಪುಗೊಂಡ ಈ ಸಂಕೇತಗಳು ಜಾಲದ ವಿಳಂಬವನ್ನು ಸಹಿಸುವುದಿಲ್ಲ. ಆದುದರಿಂದ ಈ ವಿಧಾನದಲ್ಲಿ ದನಿ ತುಂಡಾಗುವುದು ಸಾಮಾನ್ಯ.

3. ಮಾಧ್ಯಮ ವರ್ಗಾವಣೆ: ಕರೆಯ ನಿಯಂತ್ರಣ ಸರ್ವರ್‌ನಲ್ಲಿಯೇ ಉಳಿಯುತ್ತದೆ. ಧ್ವನಿ ಮಾತ್ರ ಥಿನ್ ಕ್ಲೈಂಟಿನಿಂದ ನೇರವಾಗಿ ಇನ್ನೊಂದು ತುದಿಗೆ ಹೋಗುತ್ತದೆ. ಮೈಕ್ರೋಸಾಫ್ಟ್ ಟೀಮ್ಸ್, ಜೂಮ್, ಸಿಸ್ಕೊ ವೆಬೆಕ್ಸ್ ಮೊದಲಾದ ತಂತ್ರಾಂಶಗಳಿಗೆ ಇಂತಹ ಪೂರಕ ಘಟಕಗಳಿವೆ. ಘಟಕದ ಆವೃತ್ತಿ ಹೊಂದದಿದ್ದಲ್ಲಿ ತಂತ್ರಾಂಶವು ಬಹುವೇಳೆ ಯಾವ ದೊಡ್ಡ ಸೂಚನೆಯನ್ನೂ ನೀಡದೆ ಮೊದಲ ವಿಧಾನಕ್ಕೆ ಮರಳುತ್ತದೆ.

ಪರೀಕ್ಷೆ ಆರಂಭಿಸುವ ಮುನ್ನ ಧ್ವನಿ ಇವುಗಳಲ್ಲಿ ಯಾವ ದಾರಿಯಲ್ಲಿ ಸಾಗುತ್ತಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕಾಗುತ್ತದೆ. ಇದನ್ನು ತಿಳಿಯದೆ ಪಡೆದ ಅಂಕಿ ಅಂಶಗಳಿಗೆ ಅರ್ಥವಿರುವುದಿಲ್ಲ.

ಅಳೆಯಬೇಕಾದ ಅಂಶಗಳು

ವಿಳಂಬ

ಬಾಯಿಯಿಂದ ಹೊರಟ ಮಾತು ಇನ್ನೊಬ್ಬರ ಕಿವಿಗೆ ತಲುಪಲು ಹಿಡಿಯುವ ಕಾಲವೇ ವಿಳಂಬ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನ ಪ್ರಕಾರ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿಗಿಂತ ಕಡಿಮೆಯಿದ್ದರೆ ಬಹುತೇಕ ಸಂಭಾಷಣೆಗಳಿಗೆ ತೊಂದರೆಯಾಗದು. ಜಾಲ ಯೋಜನೆಯಲ್ಲಿ 400 ಮಿಲಿಸೆಕೆಂಡನ್ನು ಮೀರಬಾರದು. ವಿಳಂಬ ಹೆಚ್ಚಿದಾಗ ಇಬ್ಬರೂ ಏಕಕಾಲದಲ್ಲಿ ಮಾತನಾಡತೊಡಗಿ, ಇಬ್ಬರೂ ನಿಲ್ಲಿಸಿ, ಮತ್ತೆ ಇಬ್ಬರೂ ಆರಂಭಿಸುವ ಪರಿಸ್ಥಿತಿ ಉಂಟಾಗುತ್ತದೆ.

ದೂರದ ಊರಿನ ಕರೆಯಾದುದರಿಂದ ದನಿ ತಡವಾಗುತ್ತದೆ ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುತ್ತದೆ. ಬೀದರ್ ಮತ್ತು ಬೆಂಗಳೂರಿನ ನಡುವಿನ ಸುಮಾರು 700 ಕಿಲೋಮೀಟರ್ ದೂರಕ್ಕೆ ಅದು ತೆಗೆದುಕೊಳ್ಳುವ ಕಾಲ 3.5 ಮಿಲಿಸೆಕೆಂಡ್ ಮಾತ್ರ. ವಿಳಂಬದ ಹೆಚ್ಚಿನ ಪಾಲು ಸೇರಿಕೊಳ್ಳುವುದು ಸಂಕುಚನ, ಬಫರ್ ಮತ್ತು ಸರದಿ ಕಾಯುವಿಕೆಯಲ್ಲಿ. ಉದಾಹರಣೆಗೆ, ಧ್ವನಿ ವಾಹಿನಿಯ ವಿಧಾನದಲ್ಲಿ ಥಿನ್ ಕ್ಲೈಂಟಿನಲ್ಲಿ 40, ಜಾಲದಲ್ಲಿ 15, ವರ್ಚುವಲ್ ಡೆಸ್ಕ್‌ಟಾಪಿನ ಬಫರಿನಲ್ಲಿ 60, ಸಾಫ್ಟ್‌ಫೋನಿನಲ್ಲಿ 20, ಮುಂದಿನ ಜಾಲದಲ್ಲಿ 20, ಕೊನೆಯ ತುದಿಯ ಬಫರಿನಲ್ಲಿ 40 ಮಿಲಿಸೆಕೆಂಡ್ ಎಂದಿಟ್ಟುಕೊಂಡರೆ ಒಟ್ಟು 195 ಮಿಲಿಸೆಕೆಂಡ್ ಆಗುತ್ತದೆ. ಮಾಧ್ಯಮ ವರ್ಗಾವಣೆಯಲ್ಲಿ ನಡುವಿನ ಹಂತಗಳು ತಪ್ಪುವುದರಿಂದ ಥಿನ್ ಕ್ಲೈಂಟಿನ 40, ಜಾಲದ 20, ಕೊನೆಯ ಬಫರಿನ 40 ಸೇರಿ 100 ಮಿಲಿಸೆಕೆಂಡ್ ಮಾತ್ರ ಉಳಿಯುತ್ತದೆ.

ಜಿಟರ್ ಮತ್ತು ಪ್ಯಾಕೆಟ್ ನಷ್ಟ

ಧ್ವನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಪ್ಯಾಕೆಟ್‌ಗಳಲ್ಲಿ ಕಳುಹಿಸಲಾಗುತ್ತದೆ. ಜಿ.711 ಕೋಡೆಕ್‌ನಲ್ಲಿ ಇಂತಹ ಪ್ರತಿ ತುಣುಕು 160 ಬೈಟ್‌ಗಳಷ್ಟಿದ್ದು, ಸೆಕೆಂಡಿಗೆ 50 ಪ್ಯಾಕೆಟ್‌ಗಳು ಹೊರಡುತ್ತವೆ. ಪ್ರತಿ ಪ್ಯಾಕೆಟ್ಟಿಗೆ 40 ಬೈಟ್‌ಗಳ ತಲೆಬರಹ ಸೇರಿದಾಗ 64 ಕಿಲೋಬಿಟ್‌ನ ಧ್ವನಿಗೆ 80 ಕಿಲೋಬಿಟ್‌ನ ಸಾಮರ್ಥ್ಯ ಬೇಕಾಗುತ್ತದೆ. ಪ್ಯಾಕೆಟ್‌ಗಳು ಸಮಾನ ಅಂತರದಲ್ಲಿ ಬರದಿರುವುದನ್ನು ಜಿಟರ್ ಎನ್ನುತ್ತಾರೆ. ಅದನ್ನು ಸರಿಪಡಿಸಲು ಸ್ವೀಕರಿಸುವ ತುದಿಯಲ್ಲಿ ಬಫರ್ ಇರುತ್ತದೆ.

ನಷ್ಟವು ಕೇಳಿಸುವ ರೀತಿ ಸಾಗಣೆಯ ಕ್ರಮವನ್ನು ಅವಲಂಬಿಸಿದೆ. ಯುಡಿಪಿಯಲ್ಲಿ ಕಳೆದುಹೋದ ಪ್ಯಾಕೆಟ್ ಮತ್ತೆ ಬರುವುದಿಲ್ಲವಾದ್ದರಿಂದ ಅಕ್ಷರಗಳು ಮಾಯವಾಗುತ್ತವೆ. ಟಿಸಿಪಿಯಲ್ಲಿ ಕಳೆದ ಪ್ಯಾಕೆಟ್ಟನ್ನು ಮತ್ತೆ ಕಳುಹಿಸುವವರೆಗೆ ಹಿಂದಿನವು ಕಾಯುತ್ತವೆ. ಆಗ ಮಾತು ಕ್ಷಣಕಾಲ ನಿಂತು, ಬಳಿಕ ಒಮ್ಮೆಲೇ ನುಗ್ಗಿ ಬರುತ್ತದೆ. ಆರ್‌ಡಿಪಿಯು ತನ್ನ 8.0 ಆವೃತ್ತಿಯಿಂದ ಯುಡಿಪಿಯನ್ನೂ ಬಳಸುತ್ತದೆ. ಮಧ್ಯದ ಫೈರ್‌ವಾಲ್ ಯುಡಿಪಿಯನ್ನು ತಡೆದರೆ ಸಂಪರ್ಕವು ಟಿಸಿಪಿಗೆ ಮರಳುತ್ತದೆ.

ಗಡಿಯಾರದ ವ್ಯತ್ಯಾಸ

ಹೆಡ್‌ಸೆಟ್ಟಿನ ಗಡಿಯಾರ ಮತ್ತು ಸರ್ವರ್‌ನ ಗಡಿಯಾರ ಸಂಪೂರ್ಣ ಒಂದೇ ವೇಗದಲ್ಲಿ ಓಡುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ, ಸೆಕೆಂಡಿಗೆ 48,000 ಮಾದರಿಗಳಿರುವ ಧ್ವನಿಯಲ್ಲಿ 2.4 ಮಾದರಿಗಳ ಅಂತರ ಬೀಳುತ್ತದೆ. 480 ಮಾದರಿಗಳ, ಅಂದರೆ 10 ಮಿಲಿಸೆಕೆಂಡಿನ ಬಫರ್ 200 ಸೆಕೆಂಡುಗಳಲ್ಲಿ ತುಂಬಿಹೋಗಬಹುದು ಅಥವಾ ಬರಿದಾಗಬಹುದು. ಆಗ ‘ಟಕ್’ ಎಂಬ ಸದ್ದು ಕೇಳುತ್ತದೆ. ಮೂರು ನಿಮಿಷಕ್ಕೊಮ್ಮೆ ಬರುವ ಇಂತಹ ದೋಷ ಅರ್ಧ ನಿಮಿಷದ ಪರೀಕ್ಷೆಯಲ್ಲಿ ಸಿಕ್ಕುವುದಿಲ್ಲ. ಪರೀಕ್ಷಾ ಕರೆ ಕನಿಷ್ಠ 10ರಿಂದ 15 ನಿಮಿಷ ನಡೆಯಬೇಕೆಂಬುದಕ್ಕೆ ಇದೂ ಒಂದು ಕಾರಣ.

ಪ್ರತಿಧ್ವನಿ ಮತ್ತು ಗದ್ದಲ

ಕಿವಿಯ ಬಳಿಯ ಸ್ಪೀಕರಿನ ಸದ್ದು ಮೈಕ್ರೊಫೋನಿಗೆ ಸೋರಿದರೆ ಕರೆ ಮಾಡಿದವರಿಗೆ ತಮ್ಮದೇ ಮಾತು ಮರಳಿ ಕೇಳಿಸುತ್ತದೆ. ವಿಳಂಬ ಹೆಚ್ಚಿದಷ್ಟೂ ಈ ಪ್ರತಿಧ್ವನಿ ಕಿರಿಕಿರಿಯಾಗುತ್ತದೆ. ಫ್ಯಾನಿನ ಸದ್ದು, ಕುಕ್ಕರಿನ ಸೀಟಿ, ಪಕ್ಕದವರ ಮಾತು ಇವುಗಳನ್ನು ಅಡಗಿಸುವ ಗದ್ದಲ ನಿವಾರಣೆ ಹೆಡ್‌ಸೆಟ್, ಥಿನ್ ಕ್ಲೈಂಟ್ ಮತ್ತು ಸಾಫ್ಟ್‌ಫೋನ್ ಈ ಮೂರರಲ್ಲಿಯೂ ಇರಬಹುದು. ಮೂರೂ ಒಟ್ಟಿಗೆ ಕೆಲಸ ಮಾಡಿದರೆ ಗದ್ದಲದೊಂದಿಗೆ ಮಾತಿನ ಆದಿ ಮತ್ತು ಅಂತ್ಯದ ಮೆಲುದನಿಗಳೂ ಅಳಿಸಿಹೋಗುತ್ತವೆ. ಒಂದನ್ನು ಮಾತ್ರ ಚಾಲನೆಯಲ್ಲಿಟ್ಟು ಹೋಲಿಸಿ ನೋಡುವುದು ವಾಡಿಕೆ.

ಗುಣಮಟ್ಟದ ಅಂಕಗಳು

ಕೇಳುಗರು ನೀಡುವ ಅಂಕಗಳ ಸರಾಸರಿಯನ್ನು ಮೀನ್ ಒಪಿನಿಯನ್ ಸ್ಕೋರ್ ಎನ್ನುತ್ತಾರೆ. ಒಕ್ಕೂಟದ ಪಿ.800 ಶಿಫಾರಸಿನಲ್ಲಿ ವಿವರಿಸಿರುವ ಈ ಕ್ರಮದಲ್ಲಿ 5 ಅತ್ಯುತ್ತಮ, 4 ಉತ್ತಮ, 3 ಸಾಧಾರಣ, 2 ಕಳಪೆ ಮತ್ತು 1 ತೀರಾ ಕಳಪೆ ಎಂದು ಗಣಿಸಲಾಗುತ್ತದೆ. ಮೂಲ ಧ್ವನಿಯನ್ನೂ ತಲುಪಿದ ಧ್ವನಿಯನ್ನೂ ಹೋಲಿಸಿ ಯಂತ್ರವೇ ಅಂಕ ನೀಡುವ ಕ್ರಮಗಳಲ್ಲಿ 2001ರ ಪಿ.862 ಮತ್ತು 2011ರ ಪಿ.863 ಪ್ರಮುಖವಾದವು. ಇವು ಧ್ವನಿಯ ವಿಕೃತಿಯನ್ನು ಗುರುತಿಸುತ್ತವೆ. ಸಂಭಾಷಣೆಯ ವಿಳಂಬ ಮತ್ತು ಪ್ರತಿಧ್ವನಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಜಿ.107 ಶಿಫಾರಸಿನ ಇ-ಮಾದರಿಯು ವಿಳಂಬ, ನಷ್ಟ ಮತ್ತು ಕೋಡೆಕ್‌ಗಳನ್ನು ಸೇರಿಸಿ ಆರ್ ಮೌಲ್ಯವನ್ನು ನೀಡುತ್ತದೆ. ಯಾವ ದೋಷವೂ ಸೇರದ ಸ್ಥಿತಿಯಲ್ಲಿ ಅದರ ಮೌಲ್ಯ 93.2. ಅದು 80ಕ್ಕಿಂತ ಹೆಚ್ಚಿದ್ದರೆ ಬಳಕೆದಾರರು ತೃಪ್ತರಾಗಿರುತ್ತಾರೆ ಎಂದೂ 70ಕ್ಕಿಂತ ಕಡಿಮೆಯಾದರೆ ಅನೇಕರು ಅತೃಪ್ತರಾಗುತ್ತಾರೆ ಎಂದೂ ಗ್ರಹಿಸಲಾಗುತ್ತದೆ.

ವರ್ಚುವಲ್ ಡೆಸ್ಕ್‌ಟಾಪಿನಲ್ಲಿ ಈ ಅಂಕಗಳನ್ನು ಎಲ್ಲಿ ಅಳೆಯಲಾಗಿದೆ ಎಂಬ ಪ್ರಶ್ನೆ ನಿರ್ಣಾಯಕವಾದುದು. ಧ್ವನಿ ವಾಹಿನಿಯ ವಿಧಾನದಲ್ಲಿ ಸಾಫ್ಟ್‌ಫೋನ್ ಇರುವುದು ದತ್ತಾಂಶ ಕೇಂದ್ರದಲ್ಲಿ. ಅದು ವರದಿ ಮಾಡುವ ಜಿಟರ್ ಮತ್ತು ನಷ್ಟ ದತ್ತಾಂಶ ಕೇಂದ್ರದಿಂದ ದೂರವಾಣಿ ಜಾಲದವರೆಗಿನ ಅರ್ಧ ದಾರಿಗೆ ಮಾತ್ರ ಸಂಬಂಧಿಸಿರುತ್ತದೆ. ಥಿನ್ ಕ್ಲೈಂಟಿನಿಂದ ಸರ್ವರ್‌ವರೆಗಿನ ಉಳಿದರ್ಧ ಗೂಢಲಿಪೀಕರಿಸಿದ ಸಂಪರ್ಕದೊಳಗೆ ಅಡಗಿರುತ್ತದೆ. ಹೀಗಾಗಿ ವರದಿಯಲ್ಲಿ 4ಕ್ಕಿಂತ ಹೆಚ್ಚು ಅಂಕವಿದ್ದಾಗಲೂ ಕರೆದಾರರಿಗೆ ಮಾತು ತುಂಡು ತುಂಡಾಗಿ ಕೇಳಿಸುತ್ತಿರಬಹುದು. ನಿಜವಾದ ಅಳತೆ ಎರಡು ಕೊನೆಗಳಲ್ಲಿಯೇ, ಅಂದರೆ ಬಾಯಿಯ ಬಳಿ ಮತ್ತು ಕಿವಿಯ ಬಳಿ ಆಗಬೇಕು.

ಪರೀಕ್ಷೆಯ ಹಂತಗಳು

ಪ್ರತಿ ಹಂತದಲ್ಲಿ ಒಂದೇ ಅಂಶವನ್ನು ಬದಲಿಸುತ್ತ ಮುಂದುವರಿದರೆ ದೋಷವಿರುವ ಸ್ಥಳವನ್ನು ಗುರುತಿಸಲು ಸಾಧ್ಯವಾಗುತ್ತದೆ.

1. ಅದೇ ಹೆಡ್‌ಸೆಟ್ಟನ್ನು ಸಾಮಾನ್ಯ ಕಂಪ್ಯೂಟರಿಗೆ ಜೋಡಿಸಿ ಧ್ವನಿ ಮುದ್ರಿಸಲಾಗುತ್ತದೆ. ಇದು ಹೋಲಿಕೆಯ ಮೂಲವಾಗುತ್ತದೆ.

2. ಥಿನ್ ಕ್ಲೈಂಟಿನಲ್ಲಿಯೇ, ವರ್ಚುವಲ್ ಡೆಸ್ಕ್‌ಟಾಪಿಗೆ ಹೋಗದೆ, ಮುದ್ರಿಸಿ ಕೇಳಲಾಗುತ್ತದೆ. ಇಲ್ಲಿ ದೋಷ ಕಂಡುಬಂದರೆ ಚಾಲಕ ತಂತ್ರಾಂಶ, ಯುಎಸ್‌ಬಿ ಸಂಪರ್ಕ ಅಥವಾ ಧ್ವನಿ ಮಟ್ಟವನ್ನು ಪರಿಶೀಲಿಸಲಾಗುತ್ತದೆ.

3. ವರ್ಚುವಲ್ ಡೆಸ್ಕ್‌ಟಾಪಿನ ಒಳಗೆ ಮುದ್ರಿಸಿ ಕೇಳಲಾಗುತ್ತದೆ. ಎರಡನೆಯ ಹಂತ ಚೆನ್ನಾಗಿದ್ದು ಇದು ಕೆಟ್ಟಿದ್ದರೆ ದೋಷ ಇವೆರಡರ ನಡುವಿನ ಸಂಪರ್ಕದಲ್ಲಿದೆ.

4. ಆಡಿದ ಮಾತನ್ನು ಹಿಂದಿರುಗಿಸುವ ಪರೀಕ್ಷಾ ಸಂಖ್ಯೆಗೆ ಕರೆ ಮಾಡಲಾಗುತ್ತದೆ. ಫ್ರೀಪಿಬಿಎಕ್ಸ್ ವ್ಯವಸ್ಥೆಯಲ್ಲಿ *43 ಈ ಉದ್ದೇಶದ ಸಂಖ್ಯೆ.

5. ಹೊರಗಿನ ನಿಜವಾದ ಮೊಬೈಲ್ ಸಂಖ್ಯೆಗೆ ಕರೆ ಮಾಡಿ ಎರಡೂ ತುದಿಗಳಲ್ಲಿ ಮುದ್ರಿಸಲಾಗುತ್ತದೆ. ಎರಡೂ ತುದಿಗಳನ್ನು ಅಕ್ಕಪಕ್ಕದಲ್ಲಿರಿಸಿ, ಮೈಕ್ರೊಫೋನಿನ ಬಳಿ ಒಮ್ಮೆ ಚಪ್ಪಾಳೆ ತಟ್ಟಿ, ಆ ಸದ್ದನ್ನೂ ಇನ್ನೊಂದು ಕಿವಿಯಲ್ಲಿ ಕೇಳಿದ ಸದ್ದನ್ನೂ ಒಂದೇ ಯಂತ್ರದ ಎರಡು ವಾಹಿನಿಗಳಲ್ಲಿ ಮುದ್ರಿಸಿದರೆ, ಆಡಾಸಿಟಿಯಂತಹ ಉಚಿತ ತಂತ್ರಾಂಶದಲ್ಲಿ ಅವುಗಳ ಅಂತರವನ್ನು ಅಳೆದು ವಿಳಂಬವನ್ನು ತಿಳಿಯಬಹುದು.

6. ಒತ್ತಡದ ಸ್ಥಿತಿಯಲ್ಲಿ ಇದೇ ಕರೆಯನ್ನು ಪುನರಾವರ್ತಿಸಲಾಗುತ್ತದೆ. ಬೆಳಿಗ್ಗೆ ಎಲ್ಲ ಸಿಬ್ಬಂದಿ ಒಮ್ಮೆಲೇ ಲಾಗಿನ್ ಆಗುವ ಹೊತ್ತು, ಪರದೆಯಲ್ಲಿ ವಿಡಿಯೊ ಓಡುತ್ತಿರುವಾಗ, ದೊಡ್ಡ ಕಡತ ಮುದ್ರಣವಾಗುತ್ತಿರುವಾಗ ಪರೀಕ್ಷಿಸುವುದು ಅಗತ್ಯ. ಲಿನಕ್ಸ್‌ನ ನೆಟೆಮ್ ಸಾಧನದಿಂದ ಜಾಲದಲ್ಲಿ ಕೃತಕವಾಗಿ ವಿಳಂಬ ಮತ್ತು ನಷ್ಟವನ್ನು ಸೃಷ್ಟಿಸಿಯೂ ನೋಡಬಹುದು.

7. ಗುಂಡಿಗಳನ್ನು ಪರೀಕ್ಷಿಸಲಾಗುತ್ತದೆ. ಕರೆ ಸ್ವೀಕರಿಸುವ, ಮುಗಿಸುವ ಮತ್ತು ಮ್ಯೂಟ್ ಮಾಡುವ ಸಂಕೇತಗಳು ಧ್ವನಿಯಿಂದ ಬೇರೆಯಾದ ವಾಹಿನಿಯಲ್ಲಿ ಸಾಗುತ್ತವೆ. ಹೆಡ್‌ಸೆಟ್ಟಿನ ಕೆಂಪು ದೀಪ ಮ್ಯೂಟ್ ಎಂದು ತೋರಿಸುತ್ತಿದ್ದರೂ ಸಾಫ್ಟ್‌ಫೋನ್ ಮಾತನ್ನು ಕಳುಹಿಸುತ್ತಿರುವ ಸಾಧ್ಯತೆಯಿದೆ. ಇದು ಕರೆದಾರರ ಹಾಗೂ ಸಿಬ್ಬಂದಿಯ ಖಾಸಗಿತನಕ್ಕೆ ಸಂಬಂಧಿಸಿದ ವಿಷಯವಾದ್ದರಿಂದ ಇನ್ನೊಂದು ತುದಿಯಲ್ಲಿ ಕೇಳಿಯೇ ದೃಢಪಡಿಸಿಕೊಳ್ಳಬೇಕು.

8. ಕರೆಯ ನಡುವೆ ಹೆಡ್‌ಸೆಟ್ಟನ್ನು ತೆಗೆದು ಮತ್ತೆ ಜೋಡಿಸಿ, ಸಂಪರ್ಕವನ್ನು ಕಡಿದು ಮತ್ತೆ ಸೇರಿ, ವ್ಯವಸ್ಥೆ ಚೇತರಿಸಿಕೊಳ್ಳುವ ರೀತಿಯನ್ನು ಗಮನಿಸಲಾಗುತ್ತದೆ.

ಪ್ರತಿ ಪರೀಕ್ಷೆಯಲ್ಲಿ ದಿನಾಂಕ, ಸಮಯ, ಹೆಡ್‌ಸೆಟ್ಟಿನ ಮಾದರಿ, ಥಿನ್ ಕ್ಲೈಂಟಿನ ತಂತ್ರಾಂಶ ಆವೃತ್ತಿ, ಧ್ವನಿ ಸಾಗಿದ ವಿಧಾನ ಮತ್ತು ಜಾಲದ ಬಗೆಯನ್ನು ದಾಖಲಿಸಲಾಗುತ್ತದೆ. ಪರೀಕ್ಷೆಗಾಗಿ ನಿಜವಾದ ಕರೆದಾರರ ಮುದ್ರಿಕೆಗಳ ಬದಲು ಸಿದ್ಧಪಡಿಸಿದ ಪಠ್ಯವನ್ನು ಬಳಸುವುದು ಸೂಕ್ತ.

ಕನ್ನಡ ಮಾತಿನ ಪರೀಕ್ಷಾ ಪಠ್ಯ

ಇಂಗ್ಲಿಷ್ ವಾಕ್ಯಗಳಿಂದ ಮಾತ್ರ ಪರೀಕ್ಷಿಸಿದ ವ್ಯವಸ್ಥೆ ಕನ್ನಡ ಕರೆಗಳಿಗೆ ಸರಿಹೊಂದುತ್ತದೆ ಎಂದು ಹೇಳಲಾಗದು. ಕನ್ನಡದಲ್ಲಿ ಹ್ರಸ್ವ ಮತ್ತು ದೀರ್ಘ, ಒಂಟಿ ವ್ಯಂಜನ ಮತ್ತು ದ್ವಿತ್ವ, ಅಲ್ಪಪ್ರಾಣ ಮತ್ತು ಮಹಾಪ್ರಾಣಗಳ ವ್ಯತ್ಯಾಸದಿಂದ ಪದದ ಗುರುತೇ ಬದಲಾಗುತ್ತದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆಗಾಗಿ ಧ್ವನಿಮಾ ಸಮತೋಲನವುಳ್ಳ ಕನ್ನಡ ಪದಪಟ್ಟಿಗಳು ರೂಪುಗೊಂಡಿವೆ. ಅದೇ ತತ್ತ್ವವನ್ನು ಕರೆ ಪರೀಕ್ಷೆಗೂ ಅನ್ವಯಿಸಬಹುದು. ಪಠ್ಯದಲ್ಲಿ ಸೇರಿಸಬಹುದಾದ ಕೆಲವು ಜೋಡಿಗಳು ಹೀಗಿವೆ:

• ಹ್ರಸ್ವ ಮತ್ತು ದೀರ್ಘ: ಬಿಡು – ಬೀಡು, ಕಡು – ಕಾಡು
• ಒಂಟಿ ಮತ್ತು ದ್ವಿತ್ವ: ಕತೆ – ಕತ್ತೆ, ಎಲೆ – ಎಲ್ಲೆ
• ಲಕಾರ ಮತ್ತು ಳಕಾರ: ಹಾಲು – ಹಾಳು, ಕಲೆ – ಕಳೆ
• ಹಕಾರದ ಲೋಪ: ಹಕ್ಕಿ – ಅಕ್ಕಿ, ಹತ್ತು – ಅತ್ತು
• ಸಂಖ್ಯೆಗಳು: ಅರವತ್ತಾರು – ಎಪ್ಪತ್ತಾರು, ಹದಿನಾರು – ಹದಿನೇಳು

ಇವುಗಳಲ್ಲಿ ಪ್ರತಿಯೊಂದೂ ಬೇರೆ ಬೇರೆ ದೋಷವನ್ನು ಬಯಲಿಗೆಳೆಯುತ್ತದೆ. ಬಫರ್ ತನ್ನ ಅಳತೆಯನ್ನು ಸರಿಪಡಿಸಿಕೊಳ್ಳಲು ಧ್ವನಿಯನ್ನು ಹಿಗ್ಗಿಸಿದಾಗ ಅಥವಾ ಕುಗ್ಗಿಸಿದಾಗ ಅವಧಿಯನ್ನು ಅವಲಂಬಿಸಿದ ‘ಕತೆ – ಕತ್ತೆ’ಯಂತಹ ಭೇದಗಳು ಮಂಕಾಗುವ ಸಾಧ್ಯತೆಯಿದೆ. ಗದ್ದಲ ನಿವಾರಣೆ ಅತಿಯಾದಾಗ ಪದದ ಮೊದಲ ಹಕಾರ ಮಾಯವಾಗಬಹುದು. 300ರಿಂದ 3,400 ಹರ್ಟ್ಸ್‌ವರೆಗಿನ ಕಿರಿದಾದ ಪಟ್ಟಿಯಲ್ಲಿ ಸಕಾರ, ಶಕಾರಗಳ ಉಚ್ಚ ಆವೃತ್ತಿಯ ಭಾಗ ಕತ್ತರಿಸಿಹೋಗುತ್ತದೆ. 7,000 ಹರ್ಟ್ಸ್‌ವರೆಗೆ ಒಯ್ಯುವ ಜಿ.722 ಅಥವಾ 2012ರಲ್ಲಿ ಪ್ರಮಾಣೀಕೃತವಾದ ಓಪಸ್ ಕೋಡೆಕ್‌ನಲ್ಲಿ ಅವು ಚೆನ್ನಾಗಿ ಉಳಿಯುತ್ತವೆ. ಆದರೆ ದಾರಿಯ ಯಾವುದೇ ಒಂದು ಭಾಗ ಕಿರಿದಾಗಿದ್ದರೂ ಕೊನೆಯ ಫಲಿತಾಂಶ ಕಿರಿದಾಗಿಯೇ ಇರುತ್ತದೆ.

ಊರುಗಳ ಹೆಸರುಗಳನ್ನೂ ಪಠ್ಯದಲ್ಲಿ ಸೇರಿಸುವುದು ಉಪಯುಕ್ತ. ‘ಡಾಬಕಾ’ ಎಂಬ ಹೆಸರಿನಲ್ಲಿ ಡ, ಬ, ಕ ಎಂಬ ಮೂರು ಸ್ಪರ್ಶ ವ್ಯಂಜನಗಳಿವೆ. ಸ್ಪರ್ಶ ವ್ಯಂಜನದ ಸ್ಫೋಟ ಕೆಲವೇ ಮಿಲಿಸೆಕೆಂಡುಗಳಷ್ಟು ಚಿಕ್ಕದು. 20 ಮಿಲಿಸೆಕೆಂಡಿನ ಒಂದು ಪ್ಯಾಕೆಟ್ ಕಳೆದುಹೋದರೆ ಅದು ಸಂಪೂರ್ಣವಾಗಿ ಇಲ್ಲವಾಗಬಹುದು. ವಾಕ್ಯದ ನಡುವೆ ಕಳೆದ ಅಕ್ಷರವನ್ನು ಕೇಳುಗರು ಸಂದರ್ಭದಿಂದ ಊಹಿಸಿಕೊಳ್ಳುತ್ತಾರೆ. ಅಪರಿಚಿತ ಊರಿನ ಹೆಸರಿಗೆ ಅಂತಹ ಆಧಾರವಿಲ್ಲ. ‘ಭಾಲ್ಕಿ’ಯ ಮಹಾಪ್ರಾಣ, ‘ಔರಾದ್’ನ ಕೊನೆಯ ದಕಾರ ಇವೂ ಸುಲಭವಾಗಿ ಕಳೆದುಹೋಗುವ ಧ್ವನಿಗಳು.

ಬೀದರ್ ಭಾಗದಲ್ಲಿ ಕನ್ನಡದೊಂದಿಗೆ ಮರಾಠಿ, ಉರ್ದು, ತೆಲುಗು ಮತ್ತು ಹಿಂದಿ ಬಳಕೆಯಲ್ಲಿವೆ. ಕರೆದಾರರು ಕನ್ನಡದಲ್ಲಿ ಮಾತನಾಡುತ್ತ ಸಂಖ್ಯೆಯನ್ನು ಮಾತ್ರ ಇನ್ನೊಂದು ಭಾಷೆಯಲ್ಲಿ ಹೇಳಬಹುದು. ಹಿಂದಿ ಹಾಗೂ ಉರ್ದುವಿನಲ್ಲಿ 7ಕ್ಕೆ ‘ಸಾತ್’ ಎಂದೂ 60ಕ್ಕೆ ‘ಸಾಠ್’ ಎಂದೂ ಹೇಳುತ್ತಾರೆ. ಇವುಗಳ ನಡುವಿನ ಅಂತರ ಕೊನೆಯ ವ್ಯಂಜನವೊಂದೇ. ಮಾತು ಮುಗಿಯಿತೆಂದು ಭಾವಿಸಿ ಧ್ವನಿಯನ್ನು ಬೇಗ ಮುಚ್ಚುವ ವ್ಯವಸ್ಥೆಯಲ್ಲಿ ಅದು ಕೇಳಿಸದೇ ಹೋಗಬಹುದು. ಪರೀಕ್ಷೆಯಲ್ಲಿ ಪಠ್ಯವನ್ನು ಮೊದಲೇ ಬಲ್ಲವರಿಗಿಂತ ಅದನ್ನು ತಿಳಿಯದ ಕೇಳುಗರು ತಮಗೆ ಕೇಳಿಸಿದುದನ್ನು ಬರೆದು, ಸರಿಯಾದ ಪದಗಳ ಸಂಖ್ಯೆಯನ್ನು ಎಣಿಸುವ ಕ್ರಮ ಹೆಚ್ಚು ವಿಶ್ವಾಸಾರ್ಹ.

ಸಾಮಾನ್ಯ ದೋಷಗಳು ಮತ್ತು ಪರಿಹಾರಗಳು

ದನಿ ಯಂತ್ರದಂತೆ ಅಥವಾ ನೀರಿನೊಳಗಿನಿಂದ ಬಂದಂತೆ ಕೇಳಿಸಿದರೆ ಎರಡು ಬಾರಿಯ ಸಂಕುಚನ ಅಥವಾ ಪುನರಾವರ್ತಿತ ಗದ್ದಲ ನಿವಾರಣೆ ಕಾರಣವಾಗಿರಬಹುದು. ಮಾತು ನಿಂತು ನುಗ್ಗಿದರೆ ಟಿಸಿಪಿ ಸಾಗಣೆಯನ್ನು ಪರಿಶೀಲಿಸಲಾಗುತ್ತದೆ. ಒಬ್ಬರಿಗೆ ಮಾತ್ರ ತೊಂದರೆಯಿದ್ದರೆ ಹೆಡ್‌ಸೆಟ್ ಅಥವಾ ಮನೆಯ ವೈಫೈ, ಒಂದೇ ಸರ್ವರ್‌ನ ಎಲ್ಲರಿಗೂ ಇದ್ದರೆ ಸರ್ವರ್‌ನ ಪ್ರೊಸೆಸರ್ ಒತ್ತಡ ಸಂಶಯಕ್ಕೆ ಒಳಗಾಗುತ್ತದೆ. ತಂತಿಯುಳ್ಳ ಹೆಡ್‌ಸೆಟ್, ತಂತಿಯ ಜಾಲ ಸಂಪರ್ಕ, ಮಾಧ್ಯಮ ವರ್ಗಾವಣೆ ಮತ್ತು ಜಾಲದಲ್ಲಿ ಧ್ವನಿ ಪ್ಯಾಕೆಟ್‌ಗಳಿಗೆ ಆದ್ಯತೆ ಇವು ಸಾಮಾನ್ಯ ಪರಿಹಾರಗಳು. ಬ್ಲೂಟೂತ್ ಹೆಡ್‌ಸೆಟ್‌ಗಳಲ್ಲಿ ಮೈಕ್ರೊಫೋನ್ ಚಾಲನೆಯಾದಾಗ ಧ್ವನಿಯ ವ್ಯಾಪ್ತಿ ಕಡಿಮೆಯಾಗುವುದುಂಟು.

ಮಿತಿಗಳು

ಒಂದು ಬಾರಿಯ ಪರೀಕ್ಷೆ ಆ ಹೊತ್ತಿನ ಸ್ಥಿತಿಯನ್ನು ಮಾತ್ರ ತಿಳಿಸುತ್ತದೆ. ತಂತ್ರಾಂಶದ ಹೊಸ ಆವೃತ್ತಿ, ಹೆಡ್‌ಸೆಟ್ಟಿನ ಹೊಸ ಮಾದರಿ ಅಥವಾ ಬಳಕೆದಾರರ ಸಂಖ್ಯೆಯ ಹೆಚ್ಚಳದ ನಂತರ ಪರೀಕ್ಷೆಯನ್ನು ಪುನರಾವರ್ತಿಸಬೇಕಾಗುತ್ತದೆ. ಕರೆದಾರರ ಬದಿಯ ಮೊಬೈಲ್ ಸಂಕೇತದ ಬಲವನ್ನು ಸಹಾಯವಾಣಿಯು ನಿಯಂತ್ರಿಸಲಾರದು. ಆ ಬದಿಯಲ್ಲಿ ಸಂಕೇತ ದುರ್ಬಲವಾಗಿದ್ದಾಗ ದೋಷವನ್ನು ಸಹಿಸುವ ಅವಕಾಶ ಮೊದಲೇ ಕಡಿಮೆಯಿರುತ್ತದೆ. ಆದುದರಿಂದ ತನ್ನ ಬದಿಯ ವಿಳಂಬ ಮತ್ತು ನಷ್ಟವನ್ನು ಕನಿಷ್ಠ ಮಟ್ಟದಲ್ಲಿರಿಸುವುದು ಉತ್ತರಿಸುವ ಸಂಸ್ಥೆಯ ಹೊಣೆಯಾಗುತ್ತದೆ.